ಪದಚರ್ಚೆ: ಮೈಕ್ರೊಅರೇ ವಿವರಿಸುವಾಗ ‘ಸಂಕರಣ’ ಸಲ್ಲುತ್ತದೆಯೇ?

ಬಳಗದವರಿಗೆ ನಮಸ್ಕಾರ.

ಸುಂಟಿಕೊಪ್ಪದ ಕಡೆಯ ಕಾಫಿ ಬೆಳೆಗಾರರಿಗಾಗಿ, ಸಾವಿರಾರು ಜೀನುಗಳ ಚುರುಕನ್ನು ಒಮ್ಮೆಗೇ ಅಳೆಯುವ ಡಿಎನ್‌ಎ ಮೈಕ್ರೊಅರೇ ಕುರಿತು ಕಿರುಲೇಖನ ಬರೆಯುತ್ತಿದ್ದೇನೆ. ಡಿಎನ್‌ಎಯ ಎರಡು ಹೊಂದುವ ಎಳೆಗಳು ಒಂದನ್ನೊಂದು ಹಿಡಿಯುವ ‘ಹೈಬ್ರಿಡೈಸೇಷನ್’ ಎಂಬಲ್ಲಿ ಲೇಖನಿ ನಿಂತಿದೆ. ರೂಢಿಯ ಪದ ‘ಸಂಕರಣ’. ಆದರೆ ಕಂಜೆನ್ಸಿಸ್ ಮತ್ತು ರೊಬಸ್ಟಾ ಕೂಡಿಸಿ ಪಡೆದ ಸಿ×ಆರ್ ತಳಿಯನ್ನು ಬೆಳೆಯುವ ಕೊಡಗಿನಲ್ಲಿ ‘ಸಂಕರ’ ಎಂದೊಡನೆ ಇಳುವರಿ ಎಷ್ಟೆಂಬ ಪ್ರಶ್ನೆ ಏಳುತ್ತದೆ. ಮೈಕ್ರೊಅರೇಯಲ್ಲಿ ಯಾವ ತಳಿಯೂ ಹುಟ್ಟುವುದಿಲ್ಲ.

ಅಲ್ಲಿ ನಡೆಯುವುದು ಇಷ್ಟು: ಗಾಜಿನ ಪಟ್ಟಿಯ ಮೇಲೆ ಸಾವಿರಾರು ಸೂಕ್ಷ್ಮ ಚುಕ್ಕಿಗಳು, ಒಂದೊಂದು ಚುಕ್ಕಿಯಲ್ಲೂ ಒಂದು ಗೊತ್ತಾದ ಜೀನಿನ ಒಂಟಿ ಎಳೆಗಳು. ತುಕ್ಕು ರೋಗ ತಗಲಿದ ಅರೇಬಿಕಾ ಎಲೆಯಿಂದಲೂ ಆರೋಗ್ಯವಂತ ಎಲೆಯಿಂದಲೂ ಆರ್‌ಎನ್‌ಎ (ಚುರುಕಾಗಿರುವ ಜೀನಿನ ನಕಲು) ತೆಗೆದು, ಅದರಿಂದ ಡಿಎನ್‌ಎ ಪ್ರತಿ ಮಾಡಿ, ಮೊದಲನೆಯದಕ್ಕೆ ಕೆಂಪು, ಎರಡನೆಯದಕ್ಕೆ ಹಸಿರು ಹೊಳೆಯುವ ಬಣ್ಣ ಕಟ್ಟುತ್ತಾರೆ. ಎರಡನ್ನೂ ಬೆರೆಸಿ ಪಟ್ಟಿಯ ಮೇಲೆ ಬಿಟ್ಟರೆ, ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಎ ಎದುರು ಟಿ, ಜಿ ಎದುರು ಸಿ ಎಂಬಂತೆ ಪ್ರತಿ ಎಳೆಯೂ ತನಗೆ ಹೊಂದುವ ಎಳೆಯನ್ನು ಹಿಡಿದು ನಿಲ್ಲುತ್ತದೆ. ಉಳಿದದ್ದನ್ನು ತೊಳೆದು ಸ್ಕ್ಯಾನರಿನಲ್ಲಿ ನೋಡುತ್ತಾರೆ. ಕೆಂಪು ಚುಕ್ಕಿಯೆಂದರೆ ಆ ಜೀನು ರೋಗದ ಎಲೆಯಲ್ಲಿ ಹೆಚ್ಚು ಚುರುಕು. ಹಸಿರೆಂದರೆ ಆರೋಗ್ಯವಂತ ಎಲೆಯಲ್ಲಿ. ಹಳದಿಯೆಂದರೆ ಎರಡರಲ್ಲೂ ಸರಿಸುಮಾರು ಸಮ. 1995ರಲ್ಲಿ ಸ್ಟ್ಯಾನ್‌ಫರ್ಡಿನ ತಂಡ ಪ್ರಕಟಿಸಿದ ಮೈಕ್ರೊಅರೇ ಪ್ರಯೋಗವೂ ಒಂದು ಗಿಡದ್ದೇ, ಅರಾಬಿಡಾಪ್ಸಿಸ್ ಎಂಬ ಪುಟ್ಟ ಸಸಿಯ 45 ಜೀನುಗಳದ್ದು.

ಹಾಗಾಗಿ ಎಳೆ ಎಳೆಯನ್ನು ಹಿಡಿಯುವ ಆ ಕ್ರಿಯೆಗೇ ಹೆಸರು ಬೇಕು. ‘ಬೆಸುಗೆ’ ಎಂದು ಸ್ನೇಹಿತರೊಬ್ಬರು ಸೂಚಿಸಿದರು, ನನಗೆ ಒಪ್ಪಿಗೆಯಿಲ್ಲ. ಕಾಯಿಸಿದರೆ ಈ ಜೋಡಿ ಬಿಟ್ಟುಕೊಳ್ಳುತ್ತದೆ. ಬೆಸುಗೆಯನ್ನು, ಡಿಎನ್‌ಎ ತುಂಡುಗಳ ತುದಿಗಳನ್ನು ಗಟ್ಟಿಯಾಗಿ ಜೋಡಿಸುವ ಲೈಗೇಸ್ ಕಿಣ್ವದ ಕೆಲಸಕ್ಕೆ ಮೀಸಲಿಡುವುದು ಲೇಸು. ಸದ್ಯಕ್ಕೆ ‘ಎಳೆಗೂಡಿಕೆ’ ಎಂದು ಬರೆದಿದ್ದೇನೆ.

ಹೊಂದುವ ಎಳೆಯನ್ನು ಪತ್ತೆಹಚ್ಚಲು ಬಳಸುವ ಗೊತ್ತಾದ ಎಳೆಗೆ ‘ಪ್ರೋಬ್’ ಎಂಬ ಹೆಸರು, ಅದು ಸಹ ತಕರಾರಿನದೇ. ‘ಶೋಧಕ’ ಎಂದರೆ ಹುಡುಕಿಕೊಂಡು ಹೋಗುವಂಥದು. ಡಿಎನ್‌ಎ ಪತ್ತೆಯ ಇನ್ನೊಂದು ವಿಧಾನವಾದ ಸದರ್ನ್ ಬ್ಲಾಟಿನಲ್ಲಿ ಅದು ನಿಜ: ಗುರುತು ಹಚ್ಚಿದ ಎಳೆ ಈಜಿಬಂದು, ಪೊರೆಯ ಮೇಲೆ ಅಂಟಿರುವ ಮಾದರಿಯನ್ನು ಹಿಡಿಯುತ್ತದೆ. ಮೈಕ್ರೊಅರೇಯಲ್ಲಿ ಪ್ರೋಬ್ ಗಾಜಿಗೆ ಅಂಟಿ ಕುಳಿತಿರುತ್ತದೆ, ಬಣ್ಣ ಹೊತ್ತು ಬರುವುದು ಮಾದರಿ. ಇಲ್ಲಿ ‘ನೆಲೆಯೆಳೆ’, ‘ಮಾದರಿಯೆಳೆ’ ಎಂದರೆ ಓದುಗ ದಾರಿ ತಪ್ಪುವುದಿಲ್ಲವೆಂದು ನನ್ನ ಎಣಿಕೆ.

ಕನ್ನಡ ಮಾಧ್ಯಮದಲ್ಲಿ ಜೀವಶಾಸ್ತ್ರ ಕಲಿಸಿದವರು ಈ ಮೂರು ಪದಗಳನ್ನು ಒರೆಗೆ ಹಚ್ಚಿ ನೋಡಬೇಕು. ಕೂಡಿಕೊಂಡು ಮತ್ತೆ ಬಿಡಿಸಲು ಬರುವಂಥ ಜೋಡಿಗೆ ಅರೆಭಾಷೆಯಲ್ಲೋ ಕೊಡವ ತಕ್ಕ್‌ನಲ್ಲೋ ಪದವಿದ್ದರೆ ಅದನ್ನೂ ಕಳುಹಿಸಿ.