ಮಿಂಟ್‌ನಲ್ಲಿ ನುಡಿ ಕೀಲಿಮಣೆ, ಹಳೆ ಫೈಲುಗಳು

ಪ್ರಶ್ನೆ: ಉಡುಪಿಯ ಜೆರಾಕ್ಸ್ ಅಂಗಡಿಯ 4 ಜಿಬಿ ಕಂಪ್ಯೂಟರಿಗೆ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿ ಆಗಿದೆ. ನುಡಿ ತಂತ್ರಾಂಶದ ಕೀಲಿಮಣೆ ವಿನ್ಯಾಸದಲ್ಲೇ ಟೈಪ್ ಮಾಡಬೇಕು. ಹಳೆ ಆಮಂತ್ರಣಗಳು ಲಿಬ್ರೆ ಆಫೀಸಿನಲ್ಲಿ ಗೋಜಲಾಗಿ ಕಾಣ್ತವೆ. ದಾರಿ ಉಂಟಾ?

ಉತ್ತರ 1: ಉಂಟು ಮಾರಾಯ್ರೆ. ತಂತ್ರಾಂಶ ಹಾಕಲು ಬಳಸುವ ಸಿನಾಪ್ಟಿಕ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್-ಎಂ17ಎನ್ (ibus-m17n) ಹುಡುಕಿ ಹಾಕಿ. ‘ಇನ್‌ಪುಟ್ ಮೆಥಡ್’ನಲ್ಲಿ ಐಬಸ್ ಆರಿಸಿ, ಲಾಗೌಟ್ ಆಗಿ ಪುನಃ ಬನ್ನಿ. ಲಾಗೌಟ್ ಬಿಟ್ಟರೆ ಪಟ್ಟಿಯಲ್ಲಿ ಕನ್ನಡ ಇದ್ದರೂ ಅಕ್ಷರ ಮೂಡದೆ ಇರಬಹುದು. ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ) ಸೇರಿಸಿ; ನುಡಿಯದ್ದೂ ಅದೇ ವಿನ್ಯಾಸ. ಭಾಷೆ ಬದಲಿಸಲು ಸೂಪರ್ (ವಿಂಡೋಸ್ ಗುರುತಿನ ಕೀಲಿ) ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ.

ಉತ್ತರ 2: ಫೈಲು ಹಾಳಾದದ್ದಲ್ಲ. ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಹಳೆ ನುಡಿ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕು ಕೂರಿಸ್ತದೆ, ಫಾಂಟು ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಕಾಣ್ತವೆ. ಆ ಫಾಂಟಿನ ಟಿಟಿಎಫ್ ಫೈಲನ್ನು ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಮಾಡಿದರೆ ಓದಬಹುದು. ತಿದ್ದುವುದಿದ್ದರೆ ಯುನಿಕೋಡಿಗೆ ಪರಿವರ್ತಿಸಿ. ಒತ್ತಕ್ಷರ, ಅರ್ಕಾವತ್ತು ತಪ್ಪುವುದುಂಟು, ಮದುಮಕ್ಕಳ ಹೆಸರನ್ನು ಹಳೆ ಮುದ್ರಿತ ಪ್ರತಿ ಇಟ್ಟು ತಾಳೆ ನೋಡಿ.