ನವಜಾತ ಶಿಶುವಿಗೆ ಫಿಟ್ಸ್: ಅನುಭವ ಇದ್ದವರು ತಿಳಿಸಿ

ಹಾವೇರಿಯಿಂದ ಬರೆಯುತ್ತಿದ್ದೇನೆ. ತಂಗಿಯ ಮಗುವಿಗೆ ಹುಟ್ಟಿದ ಎರಡನೆಯ ದಿನವೇ ಫಿಟ್ಸ್ ಬಂದು ಹುಬ್ಬಳ್ಳಿಯಲ್ಲಿ ಸೇರಿಸಿದ್ದೇವೆ. ಫಿಟ್ಸ್ ಮುಂದುವರಿದರೆ ಮಿದುಳಿನಲ್ಲಿ ಫ್ರೀ ರಾಡಿಕಲ್ ಹೆಚ್ಚುತ್ತದೆ ಎಂದರು ಡಾಕ್ಟರು. ಹಾಗೆಂದರೇನು? ವಿಟಮಿನ್ ಹನಿ ಕೊಡಬಹುದೇ?

ಗದಗದಿಂದ:
ಅಣ್ಣಾ, ನನ್ನ ಮಗ ಹುಟ್ಟಿದಾಗ ಅಳಲೇ ಇಲ್ಲ. ಆ ರಾತ್ರಿ ತುಟಿ ಚಪ್ಪರಿಸುತ್ತಿದ್ದ, ಒಂದು ಕೈ ಅದರುತ್ತಿತ್ತು. ಹಸಿವೆಯಿರಬೇಕು, ಹಾಲು ಕುಡಿಸು ಎಂದಳು ಅವ್ವ. ದಾದಿ ಬಂದು ಆ ಕೈಯನ್ನು ಮೆಲ್ಲಗೆ ಹಿಡಿದರು. ಹಿಡಿದ ಮುಷ್ಟಿಯೊಳಗೂ ಅದು ತಾಳ ತಪ್ಪದೆ ಎಳೆಯುತ್ತಲೇ ಇತ್ತು. ಬರೀ ನಡುಕವಾಗಿದ್ದರೆ ಹಿಡಿದೊಡನೆ ನಿಲ್ಲುತ್ತಿತ್ತು ಎಂದು ಓಡಿದರು. ಬಾಲಗ್ರಹ ಎಂದು ಬರೆ ಹಾಕಿಸಲು ಹೇಳುವವರು ಬಂದೇ ಬರುತ್ತಾರೆ. ಮಗುವನ್ನು ಅವರ ಕೈಗೆ ಕೊಡಬೇಡಿ.

ಧಾರವಾಡದಿಂದ:
ನಾನು ಶಿಶುಗಳ ತೀವ್ರ ನಿಗಾ ಘಟಕದಲ್ಲಿ ದಾದಿ. ಫಿಟ್ಸ್ ಬಂದಾಗ ನರಕೋಶಗಳು ಬಿಡುವಿಲ್ಲದೆ ದುಡಿಯುತ್ತವೆ. ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕ ಉಕ್ಕಿ, ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ. ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಹದ ತಪ್ಪಿ, ಆಮ್ಲಜನಕದ ಒಂದಂಶ ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ಕಣವಾಗುತ್ತದೆ. ಅದೇ ಫ್ರೀ ರಾಡಿಕಲ್. ಸುತ್ತಲಿನ ಕೊಬ್ಬು, ಪ್ರೋಟೀನುಗಳಿಂದ ಎಲೆಕ್ಟ್ರಾನ್ ಕಸಿದು ಅವುಗಳನ್ನು ಕೆಡಿಸುತ್ತದೆ. ದೊಡ್ಡವರಲ್ಲಿ ಇದನ್ನು ತಣಿಸುವ ಗ್ಲುಟಾಥಯೋನ್ ಪೆರಾಕ್ಸಿಡೇಸ್‌ನಂಥ ಕಿಣ್ವಗಳು ಬಲಿತಿರುತ್ತವೆ, ಶಿಶುವಿನಲ್ಲಿ ಇನ್ನೂ ಎಳಸು. ಬೆಳಕಿಂಡಿಯಿಲ್ಲದ ಅಡುಗೆಮನೆಯಲ್ಲಿ ಹಸಿ ಕಟ್ಟಿಗೆ ಒಲೆ ಹೊತ್ತಿಸಿದಂತೆ, ಹೊಗೆ ಹೋಗಲು ದಾರಿಯೇ ಇಲ್ಲ.

ಹಾಗಾಗಿ ಮೊದಲು ಒಲೆ ಆರಿಸಬೇಕು, ಅಂದರೆ ಫಿಟ್ಸ್ ನಿಲ್ಲಿಸಬೇಕು. ವಿಟಮಿನ್ ಹನಿ ಆ ಕೆಲಸ ಮಾಡುವುದಿಲ್ಲ, ನೀವಾಗಿ ಕೊಡಲೇಬೇಡಿ. ರಕ್ತದಲ್ಲಿ ಸಕ್ಕರೆ, ಕ್ಯಾಲ್ಸಿಯಂ ಇಳಿದಿದೆಯೇ ಎಂದು ತಕ್ಷಣ ನೋಡುತ್ತಾರೆ. ಇಳಿದಿದ್ದರೆ ಅದನ್ನು ಸರಿಪಡಿಸುತ್ತಾರೆ. ಔಷಧಿಗಳಲ್ಲಿ ಮೊದಲನೆಯದು ಸಾಮಾನ್ಯವಾಗಿ ಫಿನೋಬಾರ್ಬಿಟೋನ್. ಕೈಕಾಲು ಆಡುವುದು ನಿಂತರೂ ಮಿದುಳಿನೊಳಗೆ ಫಿಟ್ಸ್ ನಡೆದಿರಬಹುದು, ಆದ್ದರಿಂದ ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆ ಯಾವಾಗ ಎಂದು ಕೇಳಿ. ಉಸಿರುಗಟ್ಟಿ ಹುಟ್ಟಿದ ಕೆಲವು ಮಕ್ಕಳಿಗೆ 6 ಗಂಟೆಯೊಳಗೆ ಆರಂಭಿಸಿ, 72 ಗಂಟೆ ಮೈಯನ್ನು 33–34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವ ಚಿಕಿತ್ಸೆಯೂ ಇದೆ. ಅದು ಆಸ್ಪತ್ರೆಯ ಕೆಲಸ, ಮನೆಯಲ್ಲಿ ತಂಪು ಮಾಡುವುದಲ್ಲ.

ಗದಗದಿಂದ ಮತ್ತೆ:
ಅಕ್ಕಾ, ಅಂದು ನನಗೆ ಯಾರಾದರೂ ಇಷ್ಟು ಬಿಡಿಸಿ ಹೇಳಿದ್ದರೆ! ಅಣ್ಣಾ, ಮನೆಗೆ ಬಂದ ಮೇಲೆ ಮತ್ತೆ ಅದುರಿದರೆ ಮೊಬೈಲ್‌ನಲ್ಲಿ ಚಿತ್ರೀಕರಿಸುತ್ತಲೇ ಆಸ್ಪತ್ರೆಗೆ ಹೊರಡಿ. ನನ್ನ ಮಗ ನಡೆದದ್ದು ಒಂದೂಮುಕ್ಕಾಲು ವರ್ಷಕ್ಕೆ. ಬೆಳವಣಿಗೆ ತಡವಾದ ಮಕ್ಕಳನ್ನು ನೋಡುವ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ಇಂದಿಗೂ ತೋರಿಸುತ್ತಿದ್ದೇವೆ. ತಂಗಿಗೆ ಊಟ ಮಾಡಲು ಹೇಳಿ, ಹಾಲು ಹಿಂಡಿ ಕೊಡಲು ಶಕ್ತಿ ಬೇಕು.