ಸಹಾಯ ಬೇಕು: ಪೆಡಲ್ ತುಳಿಯುವಾಗ ಜಾರದ ನೀ ಪ್ಯಾಡ್ (ಮಂಡಿ ರಕ್ಷಣೆಯ ಪ್ಯಾಡ್)

ಎಲ್ಲರಿಗೂ ನಮಸ್ಕಾರ. ಯಲಹಂಕ ಕಡೆಯ ಅವಲಹಳ್ಳಿ ಕಾಡಿನ ಟ್ರೇಲ್‌ಗಳಲ್ಲಿ ಎಂಟಿಬಿ (ಮೌಂಟನ್ ಬೈಕ್ ಸೈಕಲ್) ಓಡಿಸ್ತೀನಿ. ಈಗಿರೋ ಗಟ್ಟಿ ಪ್ಲಾಸ್ಟಿಕ್ ಚಿಪ್ಪಿನ ನೀ ಪ್ಯಾಡ್ ಏರು ಹತ್ತುವಾಗ ಕೆಳಗೆ ಜಾರುತ್ತೆ, ಮಂಡಿ ಹಿಂದೆ ಪಟ್ಟಿ ಉಜ್ಜಿ ಚರ್ಮ ಕೆಂಪಾಗುತ್ತೆ. ಬೇಸಿಗೆಯ ಬೆವರಲ್ಲಂತೂ ಬಿಚ್ಚಿ ಬ್ಯಾಗಿಗೆ ಹಾಕೋಣ ಅನ್ಸುತ್ತೆ. ಆದ್ರೆ ಕಲ್ಲಿನ ಇಳಿಜಾರಲ್ಲಿ ಬರಿ ಮಂಡಿ ಬೇಡವೇ ಬೇಡ, ಯಾರಿಗೂ.

ಡಿ3ಒ ಥರ, ಮೆತ್ತಗಿದ್ದು ಪೆಟ್ಟು ಬಿದ್ದ ಕ್ಷಣ ಗಟ್ಟಿಯಾಗೋ ಪ್ಯಾಡ್ ಇರೋ, ಕಾಲಿಗೆ ಏರಿಸೋ ಸ್ಲೀವ್ ನೋಡ್ತಿದ್ದೀನಿ. ಇಎನ್ 1621-1 (ಪೆಟ್ಟು ತಡೆಯೋ ಪ್ಯಾಡ್‌ಗಳ ಯುರೋಪಿಯನ್ ಮಾನದಂಡ) ಲೆವೆಲ್ 1 ಸಾಕಾ? ಹೆಚ್ಚು ರಕ್ಷಣೆಯ ಲೆವೆಲ್ 2 ತಗೊಂಡ್ರೆ ಸೆಕೆ ಜಾಸ್ತಿನಾ? ತೊಡೆ ದಪ್ಪ, ಮೀನಖಂಡ ಸಣ್ಣ ಇರೋರು ಯಾವ ಅಳತೆ ನೋಡಿ ಸೈಜ್ ಆರಿಸ್ತೀರಿ? ತೊಡೆ ಹತ್ರ ಸಿಲಿಕೋನ್ ಅಂಚೊಂದೇ ಹಿಡಿಯುತ್ತಾ, ವೆಲ್ಕ್ರೋನೂ ಬೇಕಾ? ಬೆಂಗಳೂರಲ್ಲಿ ಹಾಕಿ ನೋಡಿ ಕೊಳ್ಳೋ ಅಂಗಡಿ ಗೊತ್ತಿದ್ರೆ ದಯವಿಟ್ಟು ತಿಳಿಸಿ.